ಪ್ರೋಗ್ರೆಸ್ ಸರಕು ನೌಕೆ: ಹೋಗುವ ಲೋಡಿಗೆ ಗಟ್ಟಿ ಗಾಡಿ, ರಿಟರ್ನ್ ಲೋಡ್ ಮಾತ್ರ ಕೇಳಬೇಡಿ

ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ಲಾರಿ ಗೊತ್ತುಮಾಡುವವರು ಬಣ್ಣ, ಮಾಡೆಲ್ಲು ನೋಡುತ್ತಾ ಕೂರುವುದಿಲ್ಲ. ಎಷ್ಟು ಟನ್ ಹಾಕಬಹುದು, ಎಷ್ಟು ಹೊತ್ತಿಗೆ ಮುಟ್ಟುತ್ತೆ, ದಾರಿಯಲ್ಲಿ ಎಷ್ಟು ಸಲ ಕೈಕೊಟ್ಟಿದೆ, ಬರುವಾಗ ರಿಟರ್ನ್ ಲೋಡ್ ತರುತ್ತಾ, ಇಷ್ಟೇ ಕೇಳುವುದು. ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊರುವ ರಷ್ಯಾದ ಪ್ರೋಗ್ರೆಸ್ ನೌಕೆಯನ್ನೂ, ಅದರ ಜಾಗಕ್ಕೆ ಬರುತ್ತೇವೆಂದು ವರ್ಷಗಳಿಂದ ಸಾಲಾಗಿ ನಿಂತಿರುವ ಹೊಸ ಯೋಜನೆಗಳನ್ನೂ ಇಲ್ಲಿ ಅದೇ ತಕ್ಕಡಿಗೆ ಹಾಕಿದೆ. ಮಾನಸಗಂಗೋತ್ರಿಯಲ್ಲೋ ಮಂಡ್ಯದ ಕಾಲೇಜೊಂದರಲ್ಲೋ ಕೂತು, ತೂಕವಿಲ್ಲದ ಜಾಗದಲ್ಲಿ ಒಂದು ಹರಳು ಬೆಳೆಸಬೇಕು, ಒಂದು ಬೀಜ ಮೊಳೆಸಬೇಕು ಎಂದು ಲೆಕ್ಕ ಹಾಕುವವರಿಗೆ ಇದರಿಂದ ಉಪಯೋಗವಾದೀತು.

ಮೊದಲು ಟನ್ ಲೆಕ್ಕ. ಈಗ ಓಡುತ್ತಿರುವುದು ಪ್ರೋಗ್ರೆಸ್ ಎಂಎಸ್ ಮಾದರಿ, 2015ರ ಡಿಸೆಂಬರ್‌ನಿಂದ. ಹಾರುವಾಗ ಒಟ್ಟು ತೂಕ ಏಳು ಟನ್ನಿನ ಮೇಲೆ, ಅದರಲ್ಲಿ ಸರಕು ಸುಮಾರು ಎರಡೂವರೆ ಟನ್. ಈ ಎರಡೂವರೆ ಟನ್ನನ್ನು ನಂಬಿ ಮೋಸಹೋಗಬೇಡಿ. ಒಣ ಸಾಮಾನು ಹೆಚ್ಚೆಂದರೆ 1800 ಕೆಜಿ, ನಿಲ್ದಾಣಕ್ಕೆ ತುಂಬುವ ಇಂಧನ ಹೆಚ್ಚೆಂದರೆ 870 ಕೆಜಿ, ನೀರು 420 ಕೆಜಿ, ಜೊತೆಗೆ ಗಾಳಿ, ಆಮ್ಲಜನಕದ ಸಿಲಿಂಡರುಗಳು. ಕೂಡಿ ನೋಡಿ, ಮೂರು ಟನ್ ದಾಟುತ್ತದೆ. ಅಂದರೆ ಎಲ್ಲವನ್ನೂ ಒಟ್ಟಿಗೆ ತುಂಬುವ ಹಾಗಿಲ್ಲ. ಇಂಧನ ಜಾಸ್ತಿ ಬೇಕಾದ ಸಲ ಪೆಟ್ಟಿಗೆ ಕಮ್ಮಿ. ಒಂದು ಟ್ರಿಪ್ಪಿನಲ್ಲಿ ನಿಮ್ಮ ಪ್ರಯೋಗದ ಪೆಟ್ಟಿಗೆಗೆ ಜಾಗವಿಲ್ಲ ಎಂದರೆ ಬಹುಪಾಲು ಕಾರಣ ಇದೇ.

ಅಳತೆಯ ತೊಡಕು ತೂಕದ್ದಕ್ಕಿಂತ ದೊಡ್ಡದು. ಒಳಗೆ ಹೋಗುವ ಬಾಗಿಲಿನ ಅಡ್ಡಗಲ 80 ಸೆಂಟಿಮೀಟರ್. ನಿಲ್ದಾಣದ ಅಮೆರಿಕನ್ ಭಾಗದ ಬಾಗಿಲು ಚೌಕಾಕಾರ, ಒಂದೂಕಾಲು ಮೀಟರ್ ಅಗಲ. ಅಲ್ಲಿ ಬೀರುವಿನ ಗಾತ್ರದ ಪ್ರಯೋಗ ಚೌಕಟ್ಟನ್ನೇ ಇಡಿಯಾಗಿ ದೂಡಬಹುದು, ಇಲ್ಲಿ ಬಿಡಿಸಿ ಕೊಡಬೇಕು. ಒಳಗೆ ಸಾಮಾನನ್ನು ಲೋಹದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಮೇಲೆ ಇರುವವರು ಸ್ಪ್ಯಾನರ್ ಹಿಡಿದು ಒಂದೊಂದೇ ಬಿಚ್ಚಬೇಕು, ಪಟ್ಟಿ ನೋಡಿ ಗುರುತು ಹಾಕಿಕೊಳ್ಳಬೇಕು. ಎಲ್ಲೆಂದರಲ್ಲಿ ತುರುಕುವ ಹಾಗೂ ಇಲ್ಲ. ಭಾರದ ಕೇಂದ್ರ ಜರುಗಿದರೆ ಎಂಜಿನ್ ಉರಿಯುವಾಗ ನೌಕೆ ಒಂದು ಕಡೆಗೆ ಎಳೆಯುತ್ತದೆ. ಹಣ್ಣು, ತರಕಾರಿಯಂಥ ಕೆಡುವ ಪದಾರ್ಥ ಕೊನೆಗೆ ಒಳಗೆ ಹೋಗುತ್ತದೆ, ಮಿಕ್ಕದ್ದೆಲ್ಲ ಬಹಳ ಮುಂಚೆಯೇ ಮುಚ್ಚಿಹೋಗಿರುತ್ತದೆ.

ಆದರೆ ಈ ಗಾಡಿಯ ನಿಜವಾದ ಕಸುಬು ಪೆಟ್ಟಿಗೆ ಹೊರುವುದಲ್ಲ, ಟ್ಯಾಂಕರ್ ಕೆಲಸ. 1978ರ ಜನವರಿ 20ರಂದು ಹೊರಟ ಮೊದಲ ಪ್ರೋಗ್ರೆಸ್ಸೇ ಸೋವಿಯತ್ ಕಾಲದ ಸಾಲ್ಯೂತ್-6 ನಿಲ್ದಾಣಕ್ಕೆ ಇಂಧನ ತುಂಬಿತ್ತು. ಕ್ರಮ ಹೀಗೆ: ನೌಕೆ ಕೂಡಿಕೊಂಡಾಗಲೇ ಕೂಡುಬಳೆಯಲ್ಲಿರುವ ಕೊಳವೆಗಳ ಮೂತಿಗಳು ಒಂದಕ್ಕೊಂದು ಕಚ್ಚುತ್ತವೆ. ಮೊದಲು ಕೊಳವೆಗೆ ಒತ್ತಡ ಕೊಟ್ಟು ಸೋರುತ್ತದೆಯೇ ನೋಡುತ್ತಾರೆ. ನಿಲ್ದಾಣದ ಟ್ಯಾಂಕಿನಲ್ಲಿ ಇಂಧನವನ್ನು ಹಿಂದಿನಿಂದ ಒತ್ತುತ್ತಿರುವ ಸಾರಜನಕವನ್ನು ಕಂಪ್ರೆಸರ್ ಹಾಕಿ ಸಿಲಿಂಡರಿಗೆ ಎಳೆದುಕೊಳ್ಳುತ್ತಾರೆ, ಟ್ಯಾಂಕಿನ ಒತ್ತಡ ಇಳಿಯುತ್ತದೆ. ಆಮೇಲೆ ಪ್ರೋಗ್ರೆಸ್ಸಿನ ಕಡೆಯ ಒತ್ತಡ ಇಂಧನವನ್ನು ಆ ಕಡೆಗೆ ದೂಡುತ್ತದೆ. ಇಂಧನಕ್ಕೊಂದು ದಾರಿ, ಅದನ್ನು ಉರಿಸುವ ಆಕ್ಸಿಡೈಸರಿಗೆ ಇನ್ನೊಂದು. ಎರಡೂ ಮುಟ್ಟಿದ ಕ್ಷಣವೇ ಕಿಡಿಯಿಲ್ಲದೆ ಹೊತ್ತಿಕೊಳ್ಳುವ ಜಾತಿಯವು. ಹಾಗಾಗಿ ನೌಕೆ ಕಳಚುವ ಮುಂಚೆ ಕೊಳವೆಯಲ್ಲಿ ಉಳಿದ ಹನಿಯನ್ನೆಲ್ಲ ಹೊರಗಿನ ನಿರ್ವಾತಕ್ಕೆ ಬಿಟ್ಟು ತೊಳೆಯುತ್ತಾರೆ. ಇಷ್ಟನ್ನೂ ಮನುಷ್ಯರು ಕೈಹಾಕದೆ ಭೂಮಿಯಿಂದಲೇ ಮಾಡಿಸಬಹುದು. ಯುರೋಪಿನ ಎಟಿವಿ ನೌಕೆಗಳು ನಿಂತುಹೋದ ಮೇಲೆ ಅಂತರರಾಷ್ಟ್ರೀಯ ನಿಲ್ದಾಣದ ಟ್ಯಾಂಕಿಗೆ ಇಂಧನ ತುಂಬುವ ಸರಕು ನೌಕೆ ಪ್ರೋಗ್ರೆಸ್ ಒಂದೇ. ಕೂಡಿಕೊಂಡಿರುವಷ್ಟು ದಿನ ತನ್ನ ಎಂಜಿನ್ ಹಚ್ಚಿ ನಿಲ್ದಾಣವನ್ನು ಮೇಲಕ್ಕೆ ತಳ್ಳುವುದೂ ಇದರ ಕೆಲಸ. ಈಗೀಗ ಅಮೆರಿಕದ ಸರಕು ನೌಕೆಗಳಾದ ಸಿಗ್ನಸ್, ಡ್ರ್ಯಾಗನ್ ಕೂಡ ತಳ್ಳುತ್ತವೆ, ಆದರೆ ಟ್ಯಾಂಕಿಗೆ ತುಂಬುವುದಿಲ್ಲ. ಈ ಒಂದು ಬಾಬ್ತಿಗೆ ಹತ್ತಕ್ಕೆ ಹತ್ತು.

ಮುಟ್ಟುವ ಹೊತ್ತು? ಹಿಂದೆ ಎರಡು ದಿನ ಸುತ್ತಿಕೊಂಡು ಹೋಗುತ್ತಿತ್ತು. 2020ರ ಜುಲೈಯಲ್ಲಿ ಎಂಎಸ್-15 ಮೂರು ಗಂಟೆ ಹದಿನೆಂಟು ನಿಮಿಷದಲ್ಲಿ ಮುಟ್ಟಿತು, ಸುಮಾರು ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ಹೊತ್ತು. ಪ್ರತಿ ಸಲವೂ ಹಾಗೆ ಆಗುವುದಿಲ್ಲ. ನಿಲ್ದಾಣದ ಕಕ್ಷೆ ಉಡಾವಣೆಯ ಗಳಿಗೆಗೆ ಸರಿಯಾಗಿ ಕೂಡಿಬಂದಿರಬೇಕು, ಇಲ್ಲದಿದ್ದರೆ ಹಳೆಯ ಎರಡು ದಿನದ ದಾರಿಯೇ ಗತಿ.

ಕೂಡಿಕೊಳ್ಳುವುದಕ್ಕೆ ಕುರ್ಸ್ ಎಂಬ ರೇಡಿಯೋ ವ್ಯವಸ್ಥೆ. ಅದು ಕೈಕೊಟ್ಟರೆ ನಿಲ್ದಾಣದೊಳಗಿನಿಂದ ಕ್ಯಾಮೆರಾ ನೋಡುತ್ತಾ ಕೈಕಡ್ಡಿಯಲ್ಲಿ ನಡೆಸುವ ‘ತೋರು’ ಎಂಬ ವ್ಯವಸ್ಥೆ. ಹೊಸ ಕುರ್ಸ್ ಎನ್‌ಎ 2012ರ ಜುಲೈಯಲ್ಲಿ ಮೊದಲ ಪರೀಕ್ಷೆಯಲ್ಲೇ ಎಡವಿ, ಕೆಲವು ದಿನ ಬಿಟ್ಟು ಎರಡನೇ ಸಲ ಗೆದ್ದಿತು. ತೋರುವಿನ ಹೆಸರು ಕೆಟ್ಟದ್ದು 1997ರ ಜೂನ್ 25ರಂದು. ಕುರ್ಸ್ ಇಲ್ಲದೆ ಕೈಯಲ್ಲೇ ಕೂಡಿಸಿ ನೋಡುವ ಪರೀಕ್ಷೆಯಲ್ಲಿ ಪ್ರೋಗ್ರೆಸ್ ಎಂ-34 ಮಿರ್ ನಿಲ್ದಾಣದ ಸ್ಪೆಕ್ತರ್ ಕೋಣೆಗೆ ಗುದ್ದಿ, ಗಾಳಿ ಸೋರಿ, ಆ ಕೋಣೆಯನ್ನೇ ಮುಚ್ಚಬೇಕಾಯಿತು. ದೂರ, ವೇಗ ಹೇಳುವ ರಾಡಾರಿನ ಅಂಕಿ ಎದುರಿಗಿರಲಿಲ್ಲ. ಪರದೆಯ ಮೇಲೆ ನಿಲ್ದಾಣ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದಲೇ ದೂರ ಅಂದಾಜಿಸಬೇಕಿತ್ತು. ಬ್ರೇಕ್ ಹಾಕುವ ಹೊತ್ತಿಗೆ ಕಾಲ ಮಿಂಚಿತ್ತು.

ದಾರಿಯಲ್ಲಿ ಕೈಕೊಟ್ಟ ಲೆಕ್ಕಕ್ಕೆ ಬಂದರೆ, 1978ರಿಂದ 2011ರವರೆಗೆ ಉಡಾವಣೆಯಲ್ಲಿ ಒಂದೂ ಪ್ರೋಗ್ರೆಸ್ ಕಳೆದುಹೋಗಿರಲಿಲ್ಲ. ಆಮೇಲೆ ಸುಮಾರು ಐದು ವರ್ಷಗಳಲ್ಲಿ ಮೂರು ಹೋದವು. 2011ರ ಆಗಸ್ಟ್ 24ರಂದು ಎಂ-12ಎಂ: ರಾಕೆಟ್ಟಿನ ಮೂರನೇ ಹಂತದ ಎಂಜಿನ್ನಿನ ಗ್ಯಾಸ್ ಜನರೇಟರಿಗೆ ಇಂಧನ ಹೋಗುವ ದಾರಿ ಕಟ್ಟಿಕೊಂಡು ಎಂಜಿನ್ ಆರಿತು. 2015ರ ಏಪ್ರಿಲ್ 28ರಂದು ಎಂ-27ಎಂ: ಮೂರನೇ ಹಂತದಿಂದ ಕಳಚಿಕೊಳ್ಳುವಾಗಲೇ ಕೆಟ್ಟು, ಬುಗುರಿಯಂತೆ ತಿರುಗುತ್ತಾ ಹತ್ತು ದಿನದಲ್ಲಿ ಬಿದ್ದಿತು. 2016ರ ಡಿಸೆಂಬರ್ 1ರಂದು ಎಂಎಸ್-04: ಮತ್ತೆ ಮೂರನೇ ಹಂತವೇ. ಮೂರೂ ಕಡೆ ಪೆಟ್ಟು ಬಿದ್ದದ್ದು ರಾಕೆಟ್ಟಿನ ಮೂರನೇ ಹಂತದಲ್ಲಿ, ನೌಕೆಯ ಒಳಗಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹೊಸ ಯೋಜನೆಗಳಲ್ಲಿ ಹೆಚ್ಚಿನವೂ ಇದೇ ಸೋಯೂಝ್ ರಾಕೆಟ್ ವಂಶವನ್ನೇ ನೆಚ್ಚಿಕೊಂಡಿವೆ. ಗಾಡಿ ಬದಲಾದರೂ ಎಳೆಯುವ ಎತ್ತು ಅದೇ.

ಇನ್ನು ರಿಟರ್ನ್ ಲೋಡ್. ಕಬ್ಬಿನ ಗಾಡಿ ಮೈಷುಗರಿಗೆ ತುಂಬಿಕೊಂಡು ಹೋಗಿ ಖಾಲಿಯಾದರೂ ಊರಿಗೆ ಬರುತ್ತದೆ. ಪ್ರೋಗ್ರೆಸ್ ಖಾಲಿಯೂ ಬರುವುದಿಲ್ಲ. ನಿಲ್ದಾಣದ ಕಸವನ್ನೆಲ್ಲ ತುಂಬಿಕೊಂಡು, ಗಾಡಿಯೇ ವಾತಾವರಣದಲ್ಲಿ ಸುಟ್ಟು, ಉಳಿದ ಚೂರುಪಾರು ದಕ್ಷಿಣ ಪೆಸಿಫಿಕ್ ಸಾಗರಕ್ಕೆ. ಪ್ರಯೋಗ ಮಾಡುವವರಿಗೆ ಇದು ಸಣ್ಣ ಕೊರತೆಯಲ್ಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಡಿಎಫ್‌ಆರ್‌ಎಲ್ 1984ರಲ್ಲಿ ರಾಕೇಶ್ ಶರ್ಮಾ ಅವರಿಗಾಗಿ ತಯಾರಿಸಿದ ಊಟ ಸಾಲ್ಯೂತ್-7ಕ್ಕೆ ಹೋಗಿತ್ತು. ಊಟವೆಂಬುದು ಹೋಗುವ ಲೋಡು, ತಿಂದರೆ ಮುಗಿಯಿತು. ಹರಳು, ಜೀವಕೋಶ, ರಕ್ತದ ಮಾದರಿ ಹಾಗಲ್ಲ. ಕೆಳಗೆ ಬಂದು ಸೂಕ್ಷ್ಮದರ್ಶಕದ ಕೆಳಗೆ ಕೂರದಿದ್ದರೆ ಕಳಿಸಿದ್ದೇ ದಂಡ. ಸುಟ್ಟುಹೋಗುವುದರಿಂದ ಇನ್ನೊಂದು ನಷ್ಟವೂ ಇದೆ, ಯಾರೂ ಅಷ್ಟಾಗಿ ಎತ್ತುವುದಿಲ್ಲ. 2023ರ ಫೆಬ್ರವರಿಯಲ್ಲಿ ಎಂಎಸ್-21ರ ತಂಪುದ್ರವ ಸೋರಿಹೋಯಿತು. ನೌಕೆಯನ್ನು ಕಳಚಿ ತಿರುಗಿಸಿ ಫೋಟೋ ತೆಗೆದರು, ಮರುದಿನ ಅದು ಸುಟ್ಟುಹೋಯಿತು. ಕೆಟ್ಟ ಭಾಗವನ್ನು ಮೇಜಿನ ಮೇಲಿಟ್ಟು ನೋಡುವ ಮೆಕ್ಯಾನಿಕ್ಕಿನ ಭಾಗ್ಯ ಇಲ್ಲಿಲ್ಲ.

ವಾಪಸು ತರಲು ಒಂದು ಕಾಲದಲ್ಲಿ ಉಪಾಯ ಮಾಡಿದ್ದರು. 1990ರಿಂದ 1994ರವರೆಗೆ ಮಿರ್‌ನಿಂದ ರಾದುಗ ಎಂಬ ಪುಟ್ಟ ಕೋಶ. ಸುಮಾರು 150 ಕೆಜಿ ಹಿಡಿಯುತ್ತಿತ್ತು. ಮೇಲಿನವರು ಅದನ್ನು ಪ್ರೋಗ್ರೆಸ್ಸಿನ ಬಾಗಿಲಿಗೆ ಕೂರಿಸುತ್ತಿದ್ದರು, ನೌಕೆ ಸುಡಲು ಹೊರಟಾಗ ಕೋಶ ಬೇರೆಯಾಗಿ ಪ್ಯಾರಾಶೂಟಿನಲ್ಲಿ ಇಳಿಯುತ್ತಿತ್ತು. ಅಗ್ಗದ, ಜಾಣ ಉಪಾಯ. ಅದನ್ನೇ ದೊಡ್ಡದು ಮಾಡಿದ್ದರೆ ಮುಂದಿನ ಅರ್ಧ ಯೋಜನೆಗಳು ಬೇಕಾಗುತ್ತಿರಲಿಲ್ಲ ಎನ್ನುವುದು ನಮ್ಮ ಅನಿಸಿಕೆ.

ಈಗ ಬ್ರೋಷರ್ ಸಾಲು. ಪರೋಮ್ ಎಂಬುದು ಕಕ್ಷೆಯಲ್ಲೇ ಇದ್ದು ಕೆಳಗಿನಿಂದ ಬಂದ ಡಬ್ಬಿಗಳನ್ನು ಎಳೆದು ನಿಲ್ದಾಣಕ್ಕೆ ಸೇರಿಸುವ ಟ್ರ್ಯಾಕ್ಟರು. ಎಂಜಿನ್ನು ಮೇಲೇ ಉಳಿಯುತ್ತದೆ, ಟ್ರೈಲರ್ ಮಾತ್ರ ಹೊಸದು. ವಿಚಾರ ಚೆನ್ನಾಗಿತ್ತು, ಹಾರಲಿಲ್ಲ. ದೊಡ್ಡ ಪ್ರೋಗ್ರೆಸ್ ಮಾಡಿ ಸೋಯೂಝ್-2.1ಬಿ ರಾಕೆಟ್ಟಿನಲ್ಲಿ ಮೂರು ಟನ್ನಿಗೂ ಮೀರಿ ಸರಕು ಕಳಿಸುವ ಯೋಜನೆಯೂ ಕಾಗದದಲ್ಲೇ ಇದೆ. ಸರಕಿನ ಸೋಯೂಝ್ ಎಂದರೆ ರಾಕೆಟ್ಟಿನದೇ ಹೆಸರಿನ, ಜನರನ್ನು ಒಯ್ಯುವ ನೌಕೆಯ ಸೀಟು ಕಿತ್ತು, ಇಳಿಯುವ ಕೋಶದಲ್ಲಿ ಸುಮಾರು 500 ಕೆಜಿ ವಾಪಸು ತರುವ ಲೆಕ್ಕ. ನಮ್ಮ ಕಣ್ಣಿಗೆ ಇದ್ದುದರಲ್ಲಿ ನಡೆಯುವಂಥದ್ದು ಇದೇ. ಶಾಖ ತಡೆಯುವ ಕವಚ, ಪ್ಯಾರಾಶೂಟು, ನೆಲ ಮುಟ್ಟುವ ಮುಂಚೆ ಉರಿಯುವ ಎಂಜಿನ್ನು ಎಲ್ಲವೂ ಹಳೆಯ, ಪಳಗಿದ ಸರಕು. ಆರ್ಗೋ ಅದಕ್ಕೆ ತದ್ವಿರುದ್ಧ. 2021ರ ಸುಮಾರಿಗೆ ಸುದ್ದಿಯಾದದ್ದು, ಎರಡು ಟನ್ ಹೊತ್ತು ಒಂದು ಟನ್ ತಂದು, ಎಂಜಿನ್ ಬಲದಲ್ಲೇ ಇಳಿದು ಮತ್ತೆ ಹಾರುವ ನೌಕೆ. ಹೊಸ ಮೈ, ಹೊಸ ಇಳಿಯುವ ವಿಧಾನ, ಮರುಬಳಕೆ, ಮೂರು ಹೊಸತನ್ನು ಒಟ್ಟಿಗೆ ಕಟ್ಟಿಕೊಂಡರೆ ಏನಾಗುತ್ತದೋ ಅದೇ ಆಯಿತು: ಹಾರಿಲ್ಲ.

ಸಂಶೋಧನೆಯ ಕಡೆ ಓಕಾ-ಟಿ ಎಂಬ ತೇಲುವ ಪ್ರಯೋಗಶಾಲೆಯ ಯೋಜನೆ. ಇದರ ಹಿಂದಿನ ತರ್ಕ ಸರಿಯಾಗಿದೆ. ನಿಲ್ದಾಣದಲ್ಲಿ ತೂಕವಿಲ್ಲ ಎನ್ನುತ್ತೇವಾದರೂ ಜನ ಟ್ರೆಡ್‌ಮಿಲ್ ಓಡಿದರೆ, ಪಂಪು ತಿರುಗಿದರೆ, ನೌಕೆ ಬಂದು ಕೂಡಿಕೊಂಡರೆ ಇಡೀ ಕಟ್ಟಡ ಅದುರುತ್ತದೆ. ಕರಗಿದ ಅರೆವಾಹಕದಿಂದ ಹರಳು ನಿಧಾನಕ್ಕೆ ಗಟ್ಟಿಯಾಗುವಾಗ ಅಂಥ ಒಂದು ಅದುರು ಸಾಕು, ಪದರ ಕೆಡುತ್ತದೆ. ಓಕಾ-ಟಿ ನಿಲ್ದಾಣದ ಆಸುಪಾಸಿನಲ್ಲಿ ತಾನೇ ಬೇರೆಯಾಗಿ ತೇಲುತ್ತಾ ಕುಲುಮೆ ನಡೆಸಬೇಕು, ಆಗಾಗ ನಿಲ್ದಾಣಕ್ಕೆ ಬಂದು ಕೂಡಿಕೊಂಡು ಮಾದರಿ ಕೊಟ್ಟು, ಕಚ್ಚಾಸಾಮಗ್ರಿ, ಇಂಧನ ತುಂಬಿಕೊಂಡು ಮತ್ತೆ ಹೊರಡಬೇಕು. 2018ರ ಹೊತ್ತಿಗೆ ಎಂದಿದ್ದರು, ಬರಲಿಲ್ಲ. ಬಂದಿದ್ದರೂ ಒಂದು ಪ್ರಶ್ನೆ ಉಳಿಯುತ್ತಿತ್ತು: ನಿಲ್ದಾಣಕ್ಕೆ ತಂದ ಹರಳನ್ನು ಅಲ್ಲಿಂದ ಕೆಳಗೆ ತರುವುದು ಯಾವುದರಲ್ಲಿ? ಸರಕಿನ ಸೋಯೂಝ್ ಇಲ್ಲದೆ ಓಕಾ-ಟಿ ಅರ್ಧ ಯೋಜನೆ.

ಕಾಗದ ಬಿಟ್ಟು ನಿಜಕ್ಕೂ ಹಾರಿ ಇಳಿಯುವುದು ಬಿಯೋನ್, ಫೋಟಾನ್ ಜಾತಿಯ ಗುಂಡು ಕೋಶಗಳು. 2013ರ ಬಿಯೋನ್-ಎಂ 1ರಲ್ಲಿ ಹೋದ 45 ಇಲಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಬದುಕಿ ಬಂದವು, ಸಲಕರಣೆ ಕೆಟ್ಟದ್ದೇ ಮುಖ್ಯ ಕಾರಣ. 2014ರ ಫೋಟಾನ್-ಎಂ 4 ಹೊರಟ ಕೆಲವೇ ದಿನಕ್ಕೆ ಸಂಪರ್ಕ ಕಳೆದುಕೊಂಡು ಮತ್ತೆ ಸಿಕ್ಕಿತಾದರೂ ಅದರೊಳಗಿನ ಐದು ಹಲ್ಲಿಗಳು ಸತ್ತೇ ಇಳಿದವು. 2025ರ ಆಗಸ್ಟ್ 20ರಂದು ಹೊರಟ ಬಿಯೋನ್-ಎಂ 2 ಮಾತ್ರ 75 ಇಲಿಗಳನ್ನು ಕೊಂಡೊಯ್ದು, ಮೂವತ್ತು ದಿನಕ್ಕೆ ಬಹುಪಾಲನ್ನು ಜೀವಂತ ತಂದಿತು. ಇಲ್ಲಿನ ಕೊರತೆ ಏನೆಂದರೆ ಮೇಲೆ ಯಾರೂ ಇಲ್ಲ. ಮೇವಿನ ಕೊಳವೆ ಕಟ್ಟಿಕೊಂಡರೆ ಬೆರಳು ಹಾಕಿ ಬಿಡಿಸುವವರಿಲ್ಲ. ಜೀವಿಗಳನ್ನು ಕಳಿಸುವವರು ಮೇವು, ಬಿಸಿ, ಗಾಳಿ ಮೂರಕ್ಕೂ ಎರಡೆರಡು ಏರ್ಪಾಡು ಇಡಲೇಬೇಕು.

ಹೀಗಾಗಿ ಆರಿಸಿಕೊಳ್ಳುವುದು ಕಷ್ಟವಲ್ಲ. ಫಲಿತಾಂಶ ಬರೀ ಅಂಕಿ, ಚಿತ್ರವಾಗಿ ರೇಡಿಯೋದಲ್ಲಿ ಇಳಿಯುವಂಥದ್ದಾದರೆ ಪ್ರೋಗ್ರೆಸ್ ಸಾಕು. ಪುಟ್ಟ ಉಪಗ್ರಹ ಬಿಡಬೇಕಾದರೂ ಸಾಕು, 2012ರ ಜನವರಿಯಲ್ಲಿ 40 ಕೆಜಿಯ ಚಿಬಿಸ್-ಎಂ ಹೀಗೇ ಹೊರಗೆ ಹೋದದ್ದು. ಮಾದರಿ ಕೈಗೆ ಬರಲೇಬೇಕು, ಒಂದು ತಿಂಗಳು ಸಾಕು ಎಂದರೆ ಬಿಯೋನ್ ಜಾತಿ, ಆದರೆ ಅದು ಹಾರುವುದು ವರ್ಷಗಟ್ಟಲೆ ಅಂತರದಲ್ಲಿ. ಮನುಷ್ಯರ ಕೈಯೂ ಬೇಕು, ವಾಪಸ್ಸೂ ಬೇಕು ಎಂದರೆ ಇವತ್ತಿಗೆ ಅಮೆರಿಕದ ಡ್ರ್ಯಾಗನ್ ಕಡೆಗೇ ನೋಡಬೇಕು.

ತಾರೀಖಿನ ವಿಷಯಕ್ಕೆ ಒಂದು ಮಾತು. ಯುರಿ ಗಗಾರಿನ್ ಹಾರಿದ ಹಳೆಯ ಉಡಾವಣಾ ಅಂಕಣ ನಿವೃತ್ತಿಯಾದ ಮೇಲೆ ನಿಲ್ದಾಣದ ಕಡೆಗೆ ಹೋಗುವ ರಷ್ಯಾದ ಸೋಯೂಝ್, ಪ್ರೋಗ್ರೆಸ್ ಎರಡಕ್ಕೂ ಕಜಾಕಿಸ್ತಾನದ ಬೈಕನೂರಿನ 31ನೇ ಅಂಕಣವೊಂದೇ ಆಸರೆಯಾಗಿತ್ತು. 2025ರ ನವೆಂಬರ್ 27ರಂದು ಸೋಯೂಝ್ ಎಂಎಸ್-28 ಹಾರಿದ ರಭಸಕ್ಕೆ ಅಲ್ಲಿನ ಸೇವಾ ಕಟ್ಟೆ ಕಳಚಿ ಕೆಳಗಿನ ಗುಂಡಿಗೆ ಬಿದ್ದು, ಸರದಿಯಲ್ಲಿದ್ದ ಪ್ರೋಗ್ರೆಸ್ ಕಾಯಬೇಕಾಯಿತು. ನೌಕೆ, ರಾಕೆಟ್ ಇದ್ದರೂ ಆಗ ನಿಲ್ಲಿಸಲು ಜಾಗವಿರಲಿಲ್ಲ. ಯಾರ ಜೊತೆಗಾದರೂ ಕರಾರು ಮಾಡಿಕೊಳ್ಳುವಾಗ ಉಡಾವಣೆಯ ತಾರೀಖಿನ ಪಕ್ಕದಲ್ಲಿ ಯಾವ ಅಂಕಣ, ಅದು ಕೆಟ್ಟರೆ ಇನ್ನೊಂದು ಯಾವುದು ಎಂದೂ ಬರೆಸಿಕೊಳ್ಳಿ. ಬೀಜ, ಮೊಟ್ಟೆ, ಜೀವಕೋಶ ಕಳಿಸುವವರಾದರೆ ಮೂರು ತಿಂಗಳು ತಡವಾದರೂ ಬದಲಿಗೆ ತಾಜಾ ಮಾದರಿ ಕೊಡಲು ಎರಡನೇ ಜೊತೆ ಮೈಸೂರಿನಲ್ಲೇ ಇಟ್ಟುಕೊಂಡಿರಿ.