ಟ್ರೇಲರ್, ಟೆಂಟು, ಲಾಡ್ಜು: ಅತ್ತಿಯ ಮೊಣಕಾಲು ಕೊಟ್ಟ ತೀರ್ಪು

ಒಂದೇ ಚಳಿಗಾಲದಲ್ಲಿ ನಾವು ಮೂರು ಬಗೆಯಲ್ಲಿ ಊರು ತಿರುಗಿದೆವು. ಎಳ್ಳ ಅಮವಾಸ್ಯೆಗೆ ಕಾರಿನ ಹಿಂದೆ ಮಲಗುವ ಟ್ರೇಲರ್ ಎಳೆದುಕೊಂಡು ಕಲಬುರಗಿಯಿಂದ ಬೀದರಿಗೆ, ಜನವರಿಯಲ್ಲಿ ಟೆಂಟು ಕಟ್ಟಿಕೊಂಡು ಚಿಂಚೋಳಿಗೆ, ಫೆಬ್ರುವರಿಯಲ್ಲಿ ಬರೀ ಕಾರು, ಲಾಡ್ಜು ಅಂತ ಯಾದಗಿರಿ ಕಡೆಗೆ. ನಾವಿಬ್ಬರು, ಎರಡು ಮಕ್ಕಳು, ಎಪ್ಪತ್ತೆರಡು ದಾಟಿದ ನಮ್ಮ ಅತ್ತಿ. ಅತ್ತಿಗೆ ಎರಡೂ ಮೊಣಕಾಲು ನೋವು, ರಾತ್ರಿ ಮೂರು ಸಲ ಏಳಬೇಕು. ಮನೆಯಲ್ಲಿ ಇಂಥ ಹಿರಿಯರು ಇದ್ದವರಿಗೆ ಈ ಹೋಲಿಕೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಟ್ರೇಲರ್ ಹೈದರಾಬಾದಿನಲ್ಲಿರುವ ನನ್ನ ತಮ್ಮನದು. ಸಾಮಾನು ತುಂಬಿದರೆ ಸುಮಾರು 850 ಕೆ.ಜಿ. ಒಳಗೆ ಇಬ್ಬರು ದೊಡ್ಡವರು, ಒಂದು ಮಗು ಮಲಗುವಷ್ಟು ಹಾಸಿಗೆ, 5 ಕೆ.ಜಿ. ಸಿಲಿಂಡರಿನ ಒಲೆ, 60 ಲೀಟರಿನ ನೀರಿನ ಟ್ಯಾಂಕು, ಮೂಲೆಯಲ್ಲಿ ಕುರ್ಚಿಯಂತೆ ಕೂರುವ ಸಣ್ಣ ಕಮೋಡು. ನಮ್ಮ ಸ್ಕಾರ್ಪಿಯೊಗೆ ಕೊಕ್ಕೆ ಹಾಕಿಸಿ ಜೋಡಿಸಿದೆವು. ನಮ್ಮ ಯಜಮಾನರು, ದೊಡ್ಡ ಮಗ ಕಾರಿನಲ್ಲೇ ಸೀಟು ಮಡಚಿ ಮಲಗಿದರು.

ಮೊದಲ ರಾತ್ರಿ ಕಮಲಾಪುರದ ಹತ್ತಿರ ಅಣ್ಣನ ಹೊಲದಲ್ಲಿ. ಎಳ್ಳ ಅಮವಾಸ್ಯೆ ಅಂದಮೇಲೆ ಕೇಳಬೇಕೆ! ಭಜ್ಜಿ, ಸಜ್ಜಿ ಕಡಬು, ಅಂಬಲಿ, ಚರಗ ಚೆಲ್ಲುವ ಗದ್ದಲ. ಹೊಲದಲ್ಲಿ ಉಂಡು ಹೊಲದಲ್ಲೇ ಹೊರಳಾಡುವುದು ನಮ್ಮ ಭಾಗದವರಿಗೆ ಯಾರೂ ಕಲಿಸಬೇಕಾದದ್ದಲ್ಲ. ಆದರೆ ಎರೆ ಮಣ್ಣು ಟ್ರೇಲರಿಗೆ ಆಗಿಬರುವುದಿಲ್ಲ. ಹಿಂದಿನ ದಿನ ಕಾಲುವೆ ನೀರು ಹರಿದಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ನಾಲ್ಕು ಮೂಲೆಗೆ ಜಾಕ್ ಕಾಲು ಇಳಿಸಿ ಮಲಗಿದೆವು. ಬೆಳಗಿನ ಜಾವಕ್ಕೆ ಎಡಗಡೆಯ ಎರಡು ಕಾಲು ಗೇಣುದ್ದ ಮಣ್ಣಿನೊಳಗೆ ಹೋಗಿದ್ದವು. ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಂಡಿತು, ಒಳಗೆ ಅತ್ತಿ, ಹೊರಗೆ ಇವರು. ಅಣ್ಣ ಸಬ್ಬಲದಿಂದ ಮೆಲ್ಲಗೆ ಮೀಟಿ ಬಾಗಿಲು ತೆಗೆದ. ಆಮೇಲೆ ಟ್ರ್ಯಾಕ್ಟರ್ ತಂದು ಎಳೆದ. "ಫರ್ಸಿ ಇಟ್ಟು ಕಾಲು ಇಳಸಬೇಕಿಲ್ಲೇನವ್ವ, ಶಹಾಬಾದ ಮಗ್ಗಲಾಗೇ ಅದ," ಅಂದ. ಅವನು ಹೇಳಿದ್ದು ಸರಿ. ಹಾಳು ಬಿದ್ದ ಶಹಾಬಾದ್ ಕಲ್ಲಿನ ನಾಲ್ಕು ತುಂಡು, ಒಡೆಯದಿರಲೆಂದು ಅದರ ಮೇಲೆ ಒಂದೊಂದು ಹಲಗೆ. ಅಂದಿನಿಂದ ಅವು ಡಿಕ್ಕಿಯಲ್ಲೇ ಇವೆ.

ಬೀದರಿನ ನೆಲ ಬೇರೆ. ಸುಮಾರು 2,300 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ದಿನ್ನೆ ಅದು. ನೀರು ಬಿದ್ದರೆ ಇಂಗುತ್ತದೆ, ಕಾಲಿಗೆ ಅಂಟುವುದಿಲ್ಲ. ಊರ ಹೊರಗೆ ಪರಿಚಯದವರ ಮಾವಿನ ತೋಟದಲ್ಲಿ ಎರಡು ರಾತ್ರಿ ನಿಲ್ಲಿಸಿದೆವು. ಕಾಲು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಆದರೆ ಬೀದರು ಮುಟ್ಟುವ ಮೊದಲು ಇನ್ನೊಂದು ಪಾಠ ಆಯಿತು. ಹೊರಡುವಾಗ ಅಣ್ಣ ಪ್ರೀತಿಯಿಂದ ಒಂದು ಚೀಲ ಜೋಳ, ಒಂದು ಚೀಲ ತೊಗರಿ ಟ್ರೇಲರಿನ ಹಿಂದಿನ ತುದಿಯಲ್ಲಿಟ್ಟ. ಹುಮನಾಬಾದ್ ದಾಟಿ ಮನ್ನಾಎಖೇಳಿ ಕಡೆ ಹೊರಟಾಗ ಒಂದು ಲಾರಿ ಪಕ್ಕದಿಂದ ಜೋರಾಗಿ ಮುಂದೆ ಹೋಯಿತು. ಅದರ ಗಾಳಿಗೆ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿತು. ಪ್ರತಿ ತೂಗಿಗೂ ಕಾರಿನ ಹಿಂಭಾಗವನ್ನು ಜಗ್ಗುತ್ತಿತ್ತು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಇಂಥ ಹೊತ್ತಲ್ಲಿ ಬ್ರೇಕ್ ಒತ್ತಿದರೆ, ಸ್ಟೇರಿಂಗ್ ತಿರುಗಿಸಿ ಸರಿ ಮಾಡಲು ಹೋದರೆ ಇನ್ನೂ ಕೆಡುತ್ತದೆ ಅಂತ ತಮ್ಮ ಹತ್ತು ಸಲ ಹೇಳಿದ್ದ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ವೇಗ ನಲವತ್ತಕ್ಕೆ ಇಳಿದ ಮೇಲೆ ತಾನಾಗಿ ಶಾಂತವಾಯಿತು. ಬದಿಗೆ ನಿಲ್ಲಿಸಿ ಎರಡೂ ಚೀಲ ಗಾಲಿಯ ಮುಂದಕ್ಕೆ ಎಳೆದು ಹಾಕಿದೆವು. ಬೀದರಿನ ತನಕ ಮತ್ತೆ ತೂಗಲಿಲ್ಲ.

ವಾಪಸು ಬರುವಾಗ ಅಣ್ಣನ ಮನೆಯ ತೊಗರಿ ತೂಗುವ ಕಾಟಾದ ಮೇಲೆ ಟ್ರೇಲರಿನ ಮೂಗು, ಅಂದರೆ ಕೊಕ್ಕೆಗೆ ಕೂರುವ ಮುಂದಿನ ತುದಿ, ಇಟ್ಟು ನೋಡಿದೆವು: 88 ಕೆ.ಜಿ. ಅದೇ ಚೀಲಗಳನ್ನು ಮತ್ತೆ ಹಿಂದಿಟ್ಟು ನೋಡಿದರೆ 25! ಒಟ್ಟು ತೂಕದ ಹತ್ತನೇ ಒಂದು ಪಾಲಾದರೂ ಕೊಕ್ಕೆಯ ಮೇಲೆ ಕೂರಬೇಕು ಅನ್ನುವುದು ಯಾಕೆ ಅಂತ ಆಗ ಕಣ್ಣಾರೆ ಕಂಡೆ. ಟ್ರೇಲರ್ ತೆಗೆದುಕೊಂಡು ಹೋಗುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಖರ್ಚಿನ ಲೆಕ್ಕ ಹೇಳುತ್ತೇನೆ. ಬರೀ ಕಾರು ಲೀಟರಿಗೆ ಹದಿಮೂರೂವರೆ ಕಿ.ಮೀ. ಕೊಡುತ್ತದೆ, ಟ್ರೇಲರ್ ಎಳೆದಾಗ ಒಂಬತ್ತು. ಹೋಗಿ ಬಂದ 230 ಕಿ.ಮೀ.ಗೆ ಎಂಟೂವರೆ ಲೀಟರ್ ಡೀಸೆಲ್ ಹೆಚ್ಚು. ಎರಡು ಕೋಣೆಯ ಲಾಡ್ಜು ಬಾಡಿಗೆಯ ಮುಂದೆ ಇದು ಏನೂ ಅಲ್ಲ. ಟ್ರೇಲರನ್ನೇ ಬಾಡಿಗೆಗೆ ತಂದರೆ ಮಾತ್ರ ಈ ಲೆಕ್ಕ ತಿರುಗಿ ಬೀಳುತ್ತದೆ, ಲಾಡ್ಜೇ ಅಗ್ಗ.

ತೋಟದಲ್ಲಿ ಟ್ರೇಲರ್ ಬಿಚ್ಚಿಟ್ಟು ಬರೀ ಕಾರಿನಲ್ಲಿ ಊರು ನೋಡಿದೆವು. ಅದನ್ನು ಎಳೆದುಕೊಂಡು ಚೌಬಾರದ ಸುತ್ತಿನ ಓಣಿಗಳಿಗೆ, ಕೋಟೆಯ ಬಾಗಿಲುಗಳಿಗೆ ಹೋಗುವ ಯೋಚನೆಯನ್ನೂ ಮಾಡಬೇಡಿ. 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನಲ್ಲಿ ಉಳಿದ ನೀಲಿ ಹೆಂಚಿನ ಚೂರುಗಳನ್ನು ಮಗಳು ಅರ್ಧ ಗಂಟೆ ಎಣಿಸುತ್ತ ಕೂತಳು. ಅವಸರ ಇರಲಿಲ್ಲ. ಕೋಣೆ ಖಾಲಿ ಮಾಡುವ ಹೊತ್ತು ಅನ್ನುವುದು ಇಲ್ಲದ್ದರಿಂದ ಮಧ್ಯಾಹ್ನ ತೋಟಕ್ಕೆ ಮರಳಿ ಅತ್ತಿಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಮಾಡಿ ಹಾಕಿ ಸಂಜೆ ಅಷ್ಟೂರಿನ ಗುಮ್ಮಟ ನೋಡಲು ಹೋದೆವು.

ಚಿಂಚೋಳಿಯ ಟೆಂಟಿನ ಅನುಭವ ಚಿಕ್ಕದು. 2011ರಲ್ಲಿ ವನ್ಯಧಾಮವಾದ ಕಾಡು ಅದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಹೇಳಿದ ಜಾಗದಲ್ಲೇ ಟೆಂಟು ಹಾಕಿದೆವು. ನರಿ ಕೂಗು, ಚಂದ್ರಂಪಳ್ಳಿ ಕೆರೆಯ ಮೇಲಿನ ಬೆಳಗಿನ ಮಂಜು ಎಲ್ಲ ಮಕ್ಕಳಿಗೆ ಹಬ್ಬ. ಎರಡು ಟೆಂಟು ಕಟ್ಟುವುದಕ್ಕೆ ಇಪ್ಪತ್ತು ನಿಮಿಷ, ಡೀಸೆಲ್ ಹೆಚ್ಚಿಲ್ಲ, ಎಂಥ ದಾರಿಯಲ್ಲೂ ಕಾರು ಹೋಗುತ್ತದೆ. ಆದರೆ ನೆಲದ ಹಾಸಿಗೆಯಿಂದ ಅತ್ತಿ ಏಳುವುದನ್ನು ನೋಡಬೇಕಿತ್ತು. ಮೊದಲು ಒಂದು ಮಗ್ಗಲಾಗಿ, ಅಂಗೈ ಊರಿ, ಮೊಣಕಾಲಿಗೆ ಬಂದು, ಅಲ್ಲಿ ಉಸಿರು ತಗೊಂಡು, ನನ್ನ ಹೆಗಲು ಹಿಡಿದು. ಆಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ಶೌಚಾಲಯದ ತನಕ ನಡಿಗೆ. ಮೂರನೇ ಸಲಕ್ಕೆ ಅವರು ನನ್ನನ್ನು ಎಬ್ಬಿಸಲೇ ಇಲ್ಲ, ಬೆಳಗಿನ ತನಕ ತಡೆದುಕೊಂಡರು. ಅದು ಗೊತ್ತಾದಾಗ ನನಗೆ ಬಹಳ ಸಂಕಟವಾಯಿತು. ಅತ್ತಿಯನ್ನು ಕರೆದುಕೊಂಡು ಟೆಂಟಿಗೆ ಇನ್ನು ಹೋಗುವುದಿಲ್ಲ.

ಲಾಡ್ಜಿಗೆ ಅದರದೇ ಜಾಗ ಇದೆ. ಜೇವರ್ಗಿ, ಶಹಾಪುರ, ಸುರಪುರ, ನಾರಾಯಣಪುರ ಜಲಾಶಯ ಅಂತ ದಿನಕ್ಕೊಂದು ಊರು ಹಿಡಿದಾಗ ಟ್ರೇಲರ್ ಬರೀ ಹೊರೆ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಂಡಲ್ಲಿ ಕಾರು ನಿಲ್ಲಿಸಿದೆವು. ಟ್ರೇಲರ್ ಇದ್ದಿದ್ದರೆ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಗುಡ್ಡ ಹಿಂದೆ ಬಿದ್ದಿರುತ್ತಿತ್ತು. ಮಂಚ ಇತ್ತು, ಬಿಸಿನೀರು ಇತ್ತು. ಅತ್ತಿಗೆ ಸೇರದಿದ್ದದ್ದು ಊಟ ಮಾತ್ರ. ಮೂರು ದಿನ ಮನೆಯಿಂದ ತಂದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನಲ್ಲೇ ಕಳೆದರು.

ಏಪ್ರಿಲ್‌ನಲ್ಲಿ ಟ್ರೇಲರ್ ಇನ್ನೊಮ್ಮೆ ತಂದು ಕಲಬುರಗಿಯ ನಮ್ಮ ಮನೆ ಮುಂದೆ ಒಂದು ರಾತ್ರಿ ಮಲಗಿ ನೋಡಿದೆವು. ಹಗಲು 42 ಡಿಗ್ರಿ. ರಾತ್ರಿ ಹತ್ತಕ್ಕೂ ತಗಡಿನ ಗೋಡೆ ಮುಟ್ಟಿದರೆ ಬಿಸಿ. ಅದರ 100 ಆಂಪಿಯರ್-ಅವರ್ ಬ್ಯಾಟರಿ ಎರಡು ದೀಪ, ಒಂದು ಸಣ್ಣ ಫ್ಯಾನು, ಫೋನುಗಳಿಗೆ ಸಾಕು, ಏಸಿಗೆ ಸಾಲದು. ಹನ್ನೊಂದಕ್ಕೆ ಎಲ್ಲರೂ ಮಾಳಿಗೆಗೆ ಹೋದೆವು. ನಮ್ಮ ಕಡೆ ಟ್ರೇಲರ್ ನವೆಂಬರಿನಿಂದ ಫೆಬ್ರುವರಿ ತನಕದ್ದು.

ಹಾಗಾಗಿ ಒಂದೇ ಕಡೆ ಎರಡು ಮೂರು ರಾತ್ರಿ, ಗಟ್ಟಿ ನೆಲ, ಚಳಿಗಾಲ ಅಂದರೆ ನನ್ನ ಮತ ಟ್ರೇಲರಿಗೆ. ಅದಕ್ಕೆ ಮುಖ್ಯ ಕಾರಣ ಆ ಮೂಲೆಯ ಕಮೋಡು, ಹಾಸಿಗೆಯಿಂದ ಎರಡೇ ಹೆಜ್ಜೆ. ಅದರ ಡಬ್ಬಿಯನ್ನು ದಿನವೂ ಶೌಚಾಲಯದಲ್ಲೇ ಬರಿದು ಮಾಡಬೇಕು, ಹೊಲಕ್ಕೋ ಹಳ್ಳಕ್ಕೋ ಚೆಲ್ಲಬಾರದು. ಆ ಕೆಲಸ ನಾನು, ಇವರು ಸರದಿಯ ಮೇಲೆ ಮಾಡಿದೆವು. ಬೀದರಿನ ಎರಡೂ ರಾತ್ರಿ ಅತ್ತಿ ಯಾರನ್ನೂ ಎಬ್ಬಿಸಲಿಲ್ಲ, ಏನನ್ನೂ ತಡೆದುಕೊಳ್ಳಲಿಲ್ಲ.

ಬಾಗಿಲ ಮೆಟ್ಟಿಲು ಮಾತ್ರ ಎತ್ತರ, ಹಿಡಿಯಲು ಏನೂ ಇಲ್ಲ. ಮುಂದಿನ ಅಮವಾಸ್ಯೆಯ ಮಾತು ಬಂದಾಗ ಅತ್ತಿ ಅಂದರು, "ಮೆಟ್ಟಲಕ ಒಂದು ಹಿಡಿಕಿ ಹಚ್ಚಸು ಅಂತ ಹೇಳವ್ವ ನಿನ್ನ ತಮ್ಮಗ." ಹೇಳಿದ್ದೇನೆ. ವೆಲ್ಡಿಂಗಿಗೆ ಕೊಟ್ಟಿದ್ದಾನಂತೆ.