ಬೆಂಕಿಯ ಫೋಟೋ ನೋಡಿ ಹಾಟ್ ಟೆಂಟ್ ಕೊಳ್ಳುವ ಮುನ್ನ

ಹಿಮದ ನಡುವೆ ಗೋಪುರದಾಕಾರದ ಟೆಂಟು, ಒಳಗಿನಿಂದ ಹೊಮ್ಮುವ ಕಿತ್ತಳೆ ಬೆಳಕು, ನೆತ್ತಿಯ ಪಕ್ಕದಲ್ಲಿ ಹೊಗೆ ಬಿಡುವ ಸಣ್ಣ ಕೊಳವೆ. ಒಳಗೆ ಸೌದೆ ಒಲೆ ಉರಿಸಲೆಂದು ಮಾಡಿದ, ತಳವಿಲ್ಲದ ಹಾಟ್ ಟೆಂಟುಗಳು ಬಿಕರಿಯಾಗುವುದು ಹೆಚ್ಚಾಗಿ ಈ ಒಂದು ಫೋಟೋದ ಬಲದಿಂದ. ಅದನ್ನು ನೋಡಿ ಕಾರ್ಟಿಗೆ ಹಾಕಿಟ್ಟು, ಈ ಚಳಿಗಾಲದಲ್ಲಿ ಒಂದು ಕೈ ನೋಡೇಬಿಡೋಣ ಅಂದುಕೊಂಡಿರುವ ಮಿನ್ನೆಸೋಟದ ಕನ್ನಡದ ಮಂದಿಗೆ ಈ ಬರಹ. ಕೊಳ್ಳಲೇಬೇಡಿ ಅನ್ನುತ್ತಿಲ್ಲ. ಒಲೆ ಆರಿದ ಮೇಲೆ ಆ ಟೆಂಟಿನೊಳಗೆ ಏನಾಗುತ್ತದೆ ಅನ್ನುವುದನ್ನು ತಿಳಿದುಕೊಂಡು ಕೊಳ್ಳಿ ಅನ್ನುತ್ತಿದ್ದೇನೆ, ಅಷ್ಟೇ.

ನಾವು ಮೂವರು ಹೋಗಿದ್ದು ಉತ್ತರ ಮಿನ್ನೆಸೋಟದ ಬೌಂಡರಿ ವಾಟರ್ಸ್‌ಗೆ, ಈಲಿ ಊರಿನ ಕಡೆಯಿಂದ. ಹತ್ತು ಲಕ್ಷ ಎಕರೆಗೂ ಮಿಕ್ಕಿದ ಕಾಡು, ಸಾವಿರಕ್ಕೂ ಹೆಚ್ಚು ಕೆರೆಗಳು. 1978ರ ಕಾನೂನು ಬಂದಮೇಲೆ ಅಲ್ಲಿ ಬಹುಪಾಲು ಕಡೆ ಮೋಟಾರಿಗೆ ಪ್ರವೇಶವಿಲ್ಲ, ಸ್ನೋಮೊಬೈಲೂ ಇಲ್ಲ. ಟೆಂಟು, ಒಲೆ, ಅಕ್ಕಿ, ಬೇಳೆ ಎಲ್ಲವನ್ನೂ ಪಲ್ಕ್ ಅನ್ನುವ ಜಾರುಬಂಡಿಗೆ ಹೇರಿ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹೆಪ್ಪುಗಟ್ಟಿದ ಕೆರೆಯ ಮೇಲೆ ನಾವೇ ಎಳೆಯಬೇಕು. ಈಲಿಗೆ ಹತ್ತಿರದ ಟವರ್ ಅನ್ನುವಲ್ಲಿ 1996ರ ಫೆಬ್ರವರಿ 2ರಂದು ದಾಖಲಾದ ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 51 ಸೆಲ್ಸಿಯಸ್, ಇವತ್ತಿಗೂ ಈ ರಾಜ್ಯದ ದಾಖಲೆ. ನಮಗೆ ಸಿಕ್ಕಿದ್ದು ಮೈನಸ್ 25 ಸೆಲ್ಸಿಯಸ್ ಆಸುಪಾಸಿನ ರಾತ್ರಿ. ಆ ಸೀಮೆಗೆ ಅದೇನೂ ವಿಶೇಷವಲ್ಲ.

ಟೆಂಟು ಆನ್‌ಲೈನಿನಲ್ಲಿ ತರಿಸಿದ್ದು. ಅಂಗಡಿಯ ಹೆಸರು ಬೇಡ, ಇದೇ ನಮೂನೆಯ ಮಾಲನ್ನು ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ಸಿಲ್‌ನೈಲಾನ್ (ಸಿಲಿಕೋನ್ ಲೇಪಿಸಿದ ನೈಲಾನ್) ಬಟ್ಟೆ, ನಡುವೆ ಒಂದೇ ಕಂಬ, ಮಡಚಿ ಇಡಬಹುದಾದ ಟೈಟಾನಿಯಂ ಒಲೆ, ಚಾಪೆಯಂತೆ ಸುತ್ತಿಡುವ ತೆಳು ತಗಡಿನ ಕೊಳವೆ. ‘ನಾಲ್ಕು ಜನಕ್ಕೆ, ನಾಲ್ಕೂ ಋತುವಿಗೆ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ‘ಒಲೆ ಇರುವುದರಿಂದ ಭಾರದ ಸ್ಲೀಪಿಂಗ್ ಬ್ಯಾಗು ಹೊರುವ ಅಗತ್ಯವಿಲ್ಲ’ ಅನ್ನುವ ಸಾಲೂ ಇತ್ತು. ಮೂವರಿಗೂ ತೊಂದರೆ ತಂದದ್ದು ಆ ಎರಡನೆಯ ಸಾಲು.

ನಾಲ್ಕು ಜನ ಅನ್ನುವ ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಲೆಯಿಲ್ಲದೆ, ಸಾಮಾನಿಲ್ಲದೆ, ಹೆಗಲಿಗೆ ಹೆಗಲು ತಾಗಿಸಿ ಮಲಗಿದರೆ ನಾಲ್ಕು. ಒಲೆ ಇಟ್ಟು, ಅದರ ಸುತ್ತ ಎರಡು ಮೂರು ಅಡಿ ಬಿಟ್ಟರೆ ಇಬ್ಬರು. ಗೋಡೆ ಇಳಿಜಾರಾಗಿರುವುದರಿಂದ ಕಾಲಿನ ಕಡೆ ಬ್ಯಾಗು ಬಟ್ಟೆಗೆ ತಾಗುತ್ತದೆ, ತಾಗಿದ ಕಡೆಯೆಲ್ಲ ಒದ್ದೆ.

ಈಗ ಆ ಸಂಜೆಯ ವಿಷಯ. ಹಿಮವನ್ನು ಸ್ನೋಶೂನಿಂದ ತುಳಿದು ಗಟ್ಟಿ ಮಾಡಿ ಟೆಂಟು ಹಾಕಿದೆವು. ಗಾಳಿ ನುಗ್ಗದಿರಲಿ ಅಂತ ಬುಡದ ಸ್ಕರ್ಟಿನ, ಅಂದರೆ ನೆಲಕ್ಕೆ ಹಾಸುವ ಬಟ್ಟೆಯ ಅಂಚಿನ, ಮೇಲೆ ಸುತ್ತಲೂ ಹಿಮ ಪೇರಿಸಿದೆವು. ಬಂದ ಕೈಪಿಡಿಯಲ್ಲೂ ಹಾಗೇ ಮಾಡಲು ಹೇಳಿತ್ತು. ಒಲೆಯನ್ನು ಎರಡು ಸ್ಪ್ರೂಸ್ ಮರದ ತುಂಡುಗಳ ಮೇಲೆ ಕೂರಿಸಿದೆವು. ಮೊದಲ ಒಂದು ಗಂಟೆ ಸ್ವರ್ಗ, ಸುಳ್ಳು ಹೇಳಬಾರದು. ಜಾಕೆಟ್ ಕಳಚಿ ಬರೀ ಬನಿಯನ್ನಿನಲ್ಲಿ ಕೂತಿದ್ದೆವು, ಮೇಲೆ ಸಾರು ಕುದಿಯುತ್ತಿತ್ತು, ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿತ್ತು. ಅಷ್ಟರಲ್ಲಿ ತಲೆ ಹತ್ತಿರ ನೇತುಹಾಕಿದ್ದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲದ ಅಲಾರಂ ಕಿರುಚಿಕೊಂಡಿತು. ಒಳಗೆ ಹೊಗೆ ಇರಲಿಲ್ಲ. ವಾಸನೆಯೂ ಇರಲಿಲ್ಲ. ಮೈಸೂರಿನ ಗೆಳೆಯ ‘ಬ್ಯಾಟ್ರಿ ಹೋಗಿರ್ಬೇಕು ಬಿಡು ಗುರು’ ಅಂದ. ಪರದೆ ನೋಡಿದರೆ ಇನ್ನೂರು ದಾಟಿದ ಅಂಕಿ.

ಟಾರ್ಚು ಬಿಟ್ಟು ನೋಡಿದಾಗ ಕಂಡಿದ್ದು ಇದು: ಒಲೆಯ ಕಾವಿಗೆ ಕೆಳಗಿನ ಹಿಮ ಸದ್ದಿಲ್ಲದೆ ಕರಗಿ, ಒಂದು ತುಂಡು ಒಂದು ಪಕ್ಕಕ್ಕೆ ಇಳಿದು, ಒಲೆ ಬಾಗಿಲ ಕಡೆ ವಾಲಿತ್ತು. ಕೊಳವೆಯನ್ನು ಮೇಲಿನ ತೂತು ಹಿಡಿದುಕೊಂಡಿತ್ತು, ಒಲೆಯ ಜೊತೆ ಅದು ಇಳಿಯಲಿಲ್ಲ. ಬುಡದಲ್ಲಿ ಅದು ಕೂರುವ ಬಳೆಯಿಂದ ಎರಡು ಬೆರಳಿನಷ್ಟು ಈಚೆ ಬಂದಿತ್ತು. ಒಳಗಿದ್ದದ್ದು ಬರೀ ಕೆಂಡ. ಕೆಂಡ ಅಷ್ಟಾಗಿ ಹೊಗೆಯಾಡುವುದಿಲ್ಲ, ಮೊನಾಕ್ಸೈಡನ್ನು ಮಾತ್ರ ಧಾರಾಳವಾಗಿ ಬಿಡುತ್ತದೆ. ಬಾಗಿಲ ಜಿಪ್ ಎಳೆದರೆ ಬರಲಿಲ್ಲ. ನಮ್ಮದೇ ಉಸಿರಿನ, ಸಾರಿನ ಆವಿ ಅದರ ಹಲ್ಲುಗಳ ಮೇಲೆ ಮಂಜುಗಡ್ಡೆಯಾಗಿ ಕೂತಿತ್ತು. ತಳವಿಲ್ಲದ ಟೆಂಟಿನಲ್ಲಿ ಅಂಚು ಎತ್ತಿ ನುಸುಳಿಕೊಂಡು ಹೋಗಬಹುದು ಅನ್ನುತ್ತಾರೆ. ಪೇರಿಸಿದ ಹಿಮ ಅಷ್ಟು ಹೊತ್ತಿಗೆ ಕಲ್ಲಾಗಿತ್ತು. ‘ಉಫ್ ಅನ್ನೋ, ಜಿಪ್ಪಿಗೆ ಬಾಯಿಟ್ಟು ಉಫ್ ಅನ್ನೋ’ ಅಂತ ಒಬ್ಬ ಕೂಗುತ್ತಿದ್ದ. ಬಿಸಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಕೊನೆಗೂ ಒಂದು ಮೊಳ ತೆರೆಯಿತು. ಕಾಲುಚೀಲದಲ್ಲೇ ಹೊರಗೆ ಬಿದ್ದೆವು. ಆಮೇಲೆ ವೆಲ್ಡಿಂಗ್ ಗ್ಲೌಸು ಹಾಕಿಕೊಂಡು ಒಲೆಯನ್ನು ಎತ್ತಿ ಹಿಮಕ್ಕೆ ಎಸೆದಿದ್ದಾಯಿತು. ಮೂವರಿಗೂ ಮರುದಿನ ಮಧ್ಯಾಹ್ನದವರೆಗೆ ತಲೆ ಸಿಡಿಯುತ್ತಿತ್ತು.

ಅಲಾರಂ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೊನಾಕ್ಸೈಡು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಅದಕ್ಕೇ ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ಮೊನಾಕ್ಸೈಡು) ಇದ್ದರೆ ಅಲಾರಂ ಬಾರಿಸಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು. 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. ಸದ್ದಿಲ್ಲ ಅಂದಮಾತ್ರಕ್ಕೆ ಗಾಳಿ ಶುದ್ಧ ಅಂತಲ್ಲ, ಹಾಗಾಗಿ ಅಂಕಿ ತೋರಿಸುವ ಪರದೆ ಇರುವುದನ್ನೇ ಕೊಳ್ಳಿ. ಇನ್ನೊಂದು ಮಾತು. ಮನೆಗೆಂದು ಮಾರುವ ಅಲಾರಂಗಳ ಪೆಟ್ಟಿಗೆ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ 40ರಿಂದ 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 4ರಿಂದ 38 ಸೆಲ್ಸಿಯಸ್‌ನಲ್ಲಿ, ಕೆಲಸ ಮಾಡುತ್ತದೆ ಅಂತ ಸಣ್ಣಕ್ಷರದಲ್ಲಿರುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ನಮ್ಮ ಬಳಿ ಇದ್ದದ್ದು ಆರ್‌ವಿ ಅನ್ನುವ, ಒಳಗೆ ವಾಸಿಸಬಹುದಾದ ಗಾಡಿಗಳಿಗೆ ಅಂತ ಮಾಡಿದ, ಚಳಿ ತಡೆಯುವ ಮಾದರಿ. ಅದು ಟೆಂಟಿನ ಜೊತೆ ಬಂದದ್ದಲ್ಲ. ಒಲೆ ಸಮೇತ ಟೆಂಟು ಮಾರುವವರು ಜೊತೆಗೊಂದು ಅಲಾರಂ ಕೊಡುವುದಿರಲಿ, ಆ ಪುಟದಲ್ಲಿ ಅದರ ಹೆಸರನ್ನೂ ಎತ್ತಿರಲಿಲ್ಲ.

ಆ ರಾತ್ರಿ ಒಲೆಯಿಲ್ಲದೆ ಕಳೆದೆವು. ನಮ್ಮಿಬ್ಬರ ಬಳಿ ಮೈನಸ್ 30ರ ಬ್ಯಾಗು ಇತ್ತು, ಚಳಿಯಾದರೂ ನಿದ್ದೆ ಬಂತು. ಮೂರನೆಯವನು ಆ ಸಾಲನ್ನು ನಂಬಿ ಮೈನಸ್ 7ರ ಬ್ಯಾಗು ತಂದಿದ್ದ. ಇದ್ದಬದ್ದ ಬಟ್ಟೆಯನ್ನೆಲ್ಲ ಅವನಿಗೆ ಹೊದಿಸಿ, ಗ್ಯಾಸ್ ಒಲೆಯನ್ನು ಹೊರಗಿಟ್ಟು ನೀರು ಕಾಯಿಸಿ, ಬಾಟಲಿಗೆ ತುಂಬಿ ತೊಡೆಸಂದಿಗೆ ಇಡಿಸಿ, ಗಂಟೆಗೊಮ್ಮೆ ಎಬ್ಬಿಸಿ ಓಡಾಡಿಸಿ ಬೆಳಗು ಮಾಡಿಸಿದೆವು.

ಒಲೆ ಸರಿಯಾಗಿಯೇ ಇದ್ದಿದ್ದರೂ ಅವನ ಪಾಡು ಬೇರೆಯಾಗುತ್ತಿರಲಿಲ್ಲ. ಮಲೆನಾಡಿನ ಬಚ್ಚಲೊಲೆಗೆ ರಾತ್ರಿ ಒಂದು ಕುಂಟೆ ತಳ್ಳಿ ಮಲಗಿದರೆ ಬೆಳಿಗ್ಗೆ ಹಂಡೆಯ ನೀರು ಇನ್ನೂ ಬಿಸಿ ಇರುತ್ತದಲ್ಲ, ಅದು ಮಣ್ಣಿನ ದಪ್ಪ ಗೋಡೆ ಹಿಡಿದಿಟ್ಟ ಕಾವು. ಟೈಟಾನಿಯಂ ತಗಡಿಗೆ ಆ ಗುಣವಿಲ್ಲ. ಮುಂಗೈ ಉದ್ದದ ಸೀಳು ಸೌದೆ ನಾಲ್ಕು ಹಿಡಿಸುವ ಒಲೆ ಅದು. ತುಂಬಿಟ್ಟರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಬೆಂಕಿ ತಗ್ಗಿದ ಸ್ವಲ್ಪ ಹೊತ್ತಿಗೇ ಒಂದೇ ಪದರದ ಬಟ್ಟೆಯ ಒಳಗೂ ಹೊರಗೂ ಒಂದೇ ಚಳಿ. ಸಾಲದ್ದಕ್ಕೆ, ಬಟ್ಟೆಗೆ ಅಂಟಿದ್ದ ಆವಿಯೆಲ್ಲ ಮಂಜಿನ ಪುಡಿಯಾಗಿ, ಯಾರಾದರೂ ಮಗ್ಗುಲಾದರೆ ಮುಖದ ಮೇಲೆ ಉದುರುತ್ತದೆ. ರಾತ್ರಿಯಿಡೀ ಉರಿಸುತ್ತೇನೆ ಅನ್ನುವವರು ಯಾರಾದರೊಬ್ಬರು ಗಂಟೆಗೊಮ್ಮೆ ಎದ್ದು ಸೌದೆ ಹಾಕಬೇಕು. ಅದನ್ನು ಕ್ಯಾಂಪಿಂಗ್ ಅನ್ನುವ ಬದಲು ರಾತ್ರಿ ಪಾಳಿ ಅನ್ನುವುದು ವಾಸಿ. ಇಂಥ ಒಲೆ ಇರುವುದು ಸಂಜೆ ಬಟ್ಟೆ ಒಣಗಿಸಲು, ಅಡುಗೆಗೆ, ಬೆಳಿಗ್ಗೆ ಬೂಟು ಬಿಸಿ ಮಾಡಿಕೊಳ್ಳಲು. ಮಲಗುವುದಕ್ಕೆ ಹೊರಗಿನ ಚಳಿಗೆ ತಕ್ಕ ಬ್ಯಾಗು ಹೊರಲೇಬೇಕು. ಅಂದಮೇಲೆ ತೂಕ ಉಳಿಯಿತು ಅನ್ನುವ ಮಾತೇ ಬಿತ್ತು.

ಸೌದೆಯ ಲೆಕ್ಕವನ್ನೂ ಆ ಪುಟದವರು ಹೇಳುವುದಿಲ್ಲ. ಬೌಂಡರಿ ವಾಟರ್ಸ್‌ನಲ್ಲಿ ಜೀವಂತ ಮರ ಮುಟ್ಟುವಂತಿಲ್ಲ, ಸತ್ತು ಬಿದ್ದದ್ದನ್ನಷ್ಟೇ ಆರಿಸಿಕೊಳ್ಳಬೇಕು. ಬಿದ್ದ ಬರ್ಚ್ ಹೊರಗಿನಿಂದ ಚೆಂದ, ಆದರೆ ಅದರ ತೊಗಟೆ ನೀರನ್ನು ಒಳಗೇ ಕೂಡಿಹಾಕುತ್ತದೆ, ಗರಗಸ ಹಾಕಿದರೆ ಒಳಗೆಲ್ಲ ಕೊಳೆತು ಲಡ್ಡು. ಒದ್ದೆ ಸೌದೆ ಉರಿದರೆ ಕೊಳವೆಯ ತುದಿಯ ಕಿಡಿಜಾಲರಿಗೆ ಮಸಿ ಕಟ್ಟುತ್ತದೆ, ಜಾಲರಿ ಕಟ್ಟಿದರೆ ಹೊಗೆ ಹಿಂದಕ್ಕೆ ತಿರುಗುತ್ತದೆ. ಸಣ್ಣ ಒಲೆಗೆ ಸಣ್ಣ ತುಂಡೇ ಬೇಕು, ಸಂಜೆಯೆಲ್ಲ ಗರಗಸವೇ ಗತಿ.

ಬೆಳಿಗ್ಗೆ ಬೆಳಕಿನಲ್ಲಿ ನೋಡಿದಾಗ ಕೊಳವೆ ಹೊರಬೀಳುವ ಕಡೆ ಬಟ್ಟೆಯಲ್ಲಿ ಅಂಗೈ ಅಗಲದ ತೂತು, ಅಂಚೆಲ್ಲ ಕರಗಿ ಗಂಟುಗಂಟು. ಇದರ ಮೂಲ ಬಟ್ಟೆಯಲ್ಲೇ ಇದೆ. ನೈಲಾನ್ ತೇವ ಹೀರಿಕೊಂಡು ಜೋಲುತ್ತದೆ. ಸಂಜೆ ಬಿಗಿಯಾಗಿ ಎಳೆದು ಕಟ್ಟಿದ್ದು ಆವಿ ಕುಡಿದು ಸಡಿಲವಾಗಿತ್ತು. ಸ್ಟೌ ಜ್ಯಾಕ್ ಅಂತ ಹೊಲಿದಿರುವ ಗಾಜಿನ ನಾರಿನ ತೇಪೆ ಮೊದಲೇ ಚಿಕ್ಕದು. ಒಲೆ ವಾಲಿದಾಗ ಕೊಳವೆ ತೇಪೆಯ ಅಂಚು ದಾಟಿ ನೈಲಾನಿಗೆ ತಾಗಿದೆ. ನೈಲಾನ್ ಕರಗುವುದು, ಬಗೆಗೆ ತಕ್ಕಂತೆ, ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜೋರು ಉರಿಯಲ್ಲಿ ಇಂಥ ಒಲೆಯ ಕೊಳವೆ ಬುಡದಲ್ಲಿ ಕೆಂಪಗಾಗುವುದೂ ಉಂಟು. ಪಾಲಿಯೆಸ್ಟರ್ ಕರಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದು ತೇವಕ್ಕೆ ಅಷ್ಟು ಜೋಲುವುದಿಲ್ಲ. ಇದೊಂದೇ ಕಾರಣಕ್ಕೆ ಒಲೆಯ ಟೆಂಟಿಗೆ ಸಿಲ್‌ಪಾಲಿ (ಸಿಲಿಕೋನ್ ಲೇಪಿಸಿದ ಪಾಲಿಯೆಸ್ಟರ್) ನೈಲಾನಿಗಿಂತ ಮೇಲು ಅಂತ ನನ್ನ ಅಭಿಪ್ರಾಯ. ಅಂಗಡಿಯವರಿಗೆ ಫೋಟೋ ಕಳಿಸಿ ಕೇಳಿದ್ದಕ್ಕೆ ‘ಬೆಂಕಿಯಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ’ ಅಂದರು. ಒಲೆ ಜೊತೆಗೇ ಮಾರಿದ ಟೆಂಟಿಗೆ ಈ ಮಾತು!

ಬೇಸಿಗೆಗಾದರೂ ಆದೀತು ಅನ್ನುವವರಿಗೆ: ತಳವಿಲ್ಲದ ಟೆಂಟಿನಲ್ಲಿ ಮಿನ್ನೆಸೋಟದ ಸೊಳ್ಳೆಗಳ ನಡುವೆ ಮಲಗಲು ಒಳಗೊಂದು ಜಾಲರಿ ಗೂಡು ಬೇರೆ ಕೊಳ್ಳಬೇಕು. ಪಶ್ಚಿಮದ ರಾಜ್ಯಗಳ ಕಾಡುಗಳಲ್ಲಿ ಬೆಂಕಿ ನಿರ್ಬಂಧ ಬಂದರೆ ಟೆಂಟಿನೊಳಗಿನ ಸೌದೆ ಒಲೆಗೂ ಸಾಮಾನ್ಯವಾಗಿ ಅದು ಅನ್ವಯಿಸುತ್ತದೆ.

ಇಷ್ಟಾದರೂ ಕೊಳ್ಳುತ್ತೀರಾದರೆ ಅಂಗಡಿಯವರನ್ನು ಕೇಳಬೇಕಾದದ್ದು: ಕೊಳವೆಯಿಂದ ಹತ್ತಿರದ ಬಟ್ಟೆಗೆ ಎಷ್ಟು ಅಂತರ, ಬಾಗಿಲು ಎಷ್ಟು, ನೆತ್ತಿಯ ಗಾಳಿಕಿಂಡಿ ಒಳಗಿನಿಂದ ಮುಚ್ಚಿ ತೆರೆಯಲು ಬರುತ್ತದೆಯೇ. ಎರಡು ಬಾಗಿಲಿದ್ದರೆ ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಸ್ಕರ್ಟಿನ ಮೇಲೆ ಸುತ್ತಲೂ ಹಿಮ ಪೇರಿಸಬೇಡಿ, ಒಲೆಯ ಬಳಿ ಗಾಳಿ ಬರಲು ಒಂದು ಕಡೆ ಬಿಟ್ಟಿರಿ. ಒಲೆಯ ಕೆಳಗೆ ತೋಳು ದಪ್ಪದ ತುಂಡು ಸಾಲದು, ತೊಡೆ ದಪ್ಪದ ಉದ್ದ ದಿಮ್ಮಿಗಳು ಬೇಕು, ತುಳಿದ ಹಿಮ ಗಟ್ಟಿಯಾಗಲು ಒಂದು ಗಂಟೆಯಾದರೂ ಬಿಡಬೇಕು. ಕೆರೆಯ ಮೇಲೇ ಟೆಂಟು ಹಾಕುವ ಆಸೆಯಿದ್ದರೆ ಹಿಮದ ಕೆಳಗೆ ಸ್ಲಶ್, ಅಂದರೆ ನೀರು ಬೆರೆತ ಹಿಮ, ಇದೆಯೇ ಅಂತ ಮೊದಲು ಅಗೆದು ನೋಡಿ. ಹಿಮದ ಭಾರಕ್ಕೆ ಮಂಜುಗಡ್ಡೆ ಕುಗ್ಗಿ ಬಿರುಕಿನಿಂದ ನೀರು ಮೇಲೆ ಬಂದಿರುತ್ತದೆ, ತಳವಿಲ್ಲದ ಟೆಂಟಿನಲ್ಲಿ ಅದು ನೇರ ಹಾಸಿಗೆಗೇ ಬರುತ್ತದೆ.

ಹೊಸ ಒಲೆಯನ್ನು ಮೊದಲ ಸಲ ಟೆಂಟಿನ ಹೊರಗೇ ಉರಿಸಿ, ಎಣ್ಣೆ ಜಿಡ್ಡೆಲ್ಲ ಸುಟ್ಟುಹೋಗಲಿ. ಕೊಳವೆಯ ತಗಡು ಸುತ್ತುವಾಗ ಚರ್ಮದ ಗ್ಲೌಸು ಹಾಕಿಕೊಳ್ಳಿ, ಅಂಚು ಕೈ ಕೊಯ್ಯುತ್ತದೆ.