ಒಳಗಿನಿಂದ ತೆರೆಯುವ ಮೂರು ದಾರಿಗಳು: ಕಲ್ಯಾಣ ಮಂಟಪದ ತುರ್ತು ಬಾಗಿಲಿಗೆ ಯಾವ ಸಾಧನ ತಕ್ಕದ್ದು?

ನಮ್ಮ ಟ್ರಸ್ಟಿನ ಕಲ್ಯಾಣ ಮಂಟಪದಲ್ಲಿ ಮುಂಬಾಗಿಲನ್ನು ಬಿಟ್ಟು ಹೊರಹೋಗಲು ಮೂರು ಬಾಗಿಲುಗಳಿವೆ: ಸಭಾಂಗಣದ ಎಡಕ್ಕೊಂದು, ಊಟದ ಹಾಲ್‌ನಿಂದ ಹಿತ್ತಲಿಗೊಂದು, ಮೇಲಿನ ಕೊಠಡಿಗಳಿಂದ ಇಳಿಯುವ ಮೆಟ್ಟಿಲಿನ ಬುಡದಲ್ಲೊಂದು. ಕಟ್ಟಡದ ಉಸ್ತುವಾರಿ ನನಗೆ ಬಂದಾಗ ಮೂರಕ್ಕೂ ಟವರ್ ಬೋಲ್ಟ್ ಮತ್ತು ಬೀಗ ಬಿದ್ದಿದ್ದವು, ಬೀಗದ ಕೈ ಕಾವಲುಗಾರರ ಬಳಿ ಇರುತ್ತಿತ್ತು. ಹಿತ್ತಲ ಕಡೆಯಿಂದ ಯಾರೋ ಒಳಬಂದು ಪಾತ್ರೆ ಒಯ್ದಿದ್ದು ನಿಜವಾದ್ದರಿಂದ ಅವರನ್ನು ದೂರುವಂತೆಯೂ ಇರಲಿಲ್ಲ. ಆದರೆ ನಿರ್ಗಮನದ ಬಾಗಿಲು ಒಳಗಿರುವವರಿಗೆ ಬೀಗದ ಕೈಯಿಲ್ಲದೆ ತೆರೆಯಬೇಕು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಹೊರಗಿನವರಿಗೆ ಮುಚ್ಚಿದ್ದು ಒಳಗಿನವರಿಗೆ ಸದಾ ತೆರೆಯುವ ಬಾಗಿಲು ನಮಗೆ ಬೇಕಿತ್ತು. ಮೂರು ಬಾಗಿಲಿಗೂ ಮೂರು ಬಗೆಯ ಸಾಧನ ಹಾಕಿಸಿ, ಒಂದು ವರ್ಷ ಮದುವೆ ಮುಂಜಿಗಳ ನಡುವೆ ಬಳಸಿ ನೋಡಿದೆವು.

ಎಡಬಾಗಿಲಿಗೆ ಹಾಕಿದ್ದು ಅಡ್ಡಪಟ್ಟಿಯ ಪುಶ್ ಬಾರ್. ಇದರಲ್ಲಿ ಎರಡು ತೋಳುಗಳ ನಡುವೆ ಬಾಗಿಲಿನ ಅಗಲಕ್ಕೂ ಚಾಚಿದ ಕೊಳವೆಯಿರುತ್ತದೆ. ಒತ್ತಿದರೆ ಅದು ಕೆಳಕ್ಕೂ ಮುಂದಕ್ಕೂ ಸರಿದು ಅಗುಳಿಯನ್ನು ಬಿಡಿಸುತ್ತದೆ. ಊಟದ ಹಾಲ್‌ಗೆ ಟಚ್ ಬಾರ್, ಅಂದರೆ ಬಾಗಿಲಿಗೆ ಅಂಟಿದಂತಿರುವ, ಒಳಕ್ಕೆ ತಗ್ಗುವ ಚಪ್ಪಟೆ ಪಟ್ಟಿ. ಮೆಟ್ಟಿಲಿನ ಬಾಗಿಲಿಗೆ ಮ್ಯಾಗ್ನೆಟಿಕ್ ಲಾಕ್, ಅಂದರೆ ವಿದ್ಯುತ್ತಿನ ಅಯಸ್ಕಾಂತದಿಂದ ಬಾಗಿಲನ್ನು ಹಿಡಿದಿಡುವ ಬೀಗ, ಮತ್ತು ಅದನ್ನು ಬಿಡಿಸಲು ಪಕ್ಕದ ಗೋಡೆಯಲ್ಲಿ ಹಸಿರು ಗುಂಡಿ.

ಈ ಸಾಧನಗಳನ್ನು ಸಾಧಾರಣ ಬಾಗಿಲಿನ ಹಿಡಿಕೆಯಂತೆ ಒಬ್ಬರೇ ನಿಂತು ಒತ್ತಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಗುಂಪು ನುಗ್ಗಿ ಬಂದಾಗ ಮಾತು ಬೇರೆ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ 183 ಮಕ್ಕಳು ಸತ್ತದ್ದು ಬೆಂಕಿಯಿಂದಲ್ಲ. ಮೆಟ್ಟಿಲಿನ ಬುಡದಲ್ಲಿ ಒಳಮುಖವಾಗಿ ತೆರೆಯುವ, ಒಬ್ಬೊಬ್ಬರೇ ನುಸುಳುವಷ್ಟು ಮಾತ್ರ ಸಂದುಬಿಟ್ಟು ಬೋಲ್ಟ್ ಹಾಕಿದ್ದ ಬಾಗಿಲಿಗೆ ಹಿಂದಿನಿಂದ ಬಂದ ಮಕ್ಕಳ ಭಾರ ಒತ್ತಿದ್ದರಿಂದ. ಮುಂದೆ 1892ರಲ್ಲಿ ಅದೇ ದೇಶದಲ್ಲಿ ಪ್ಯಾನಿಕ್ ಬೋಲ್ಟ್‌ಗೆ, ಅಂದರೆ ಒಳಗಿನಿಂದ ಒತ್ತಿದರೆ ಬಿಡುವ ಅಗುಳಿಗೆ, ಪೇಟೆಂಟ್ ಆಯಿತು. ಆದ್ದರಿಂದ ಹಿಂದಿನಿಂದ ಜನ ಒತ್ತುತ್ತಿರುವಾಗ ಅಗುಳಿ ಬಿಡುತ್ತದೆಯೇ ಎಂಬುದನ್ನೇ ನಾನು ಮೊದಲ ಪರೀಕ್ಷೆ ಮಾಡಿಕೊಂಡೆ. ಯುರೋಪಿನ ಇಎನ್ 1125 ಮಾನದಂಡವೂ ಇದನ್ನೇ ಅಳೆಯುತ್ತದೆ: ಬಾಗಿಲಿನ ಮೇಲೆ ಭಾರವಿಲ್ಲದಾಗ 80 ನ್ಯೂಟನ್, 1000 ನ್ಯೂಟನ್ ಭಾರವಿದ್ದಾಗ 220 ನ್ಯೂಟನ್ ಮೀರದ ಒತ್ತಡದಲ್ಲಿ ಅಗುಳಿ ಬಿಡಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 8 ಕೆಜಿ ಮತ್ತು 22 ಕೆಜಿ.

ನಮ್ಮಲ್ಲಿ ಪ್ರಯೋಗಾಲಯವಿಲ್ಲ. ಮೈತೂಕ ನೋಡುವ ಮುಳ್ಳಿನ ತಕ್ಕಡಿಯನ್ನು ಅಂಗೈ ಮತ್ತು ಪಟ್ಟಿಯ ನಡುವೆ ಹಿಡಿದು ಒತ್ತಿದೆವು, ಆಮೇಲೆ ಅಡುಗೆಯವರಲ್ಲಿ ಇಬ್ಬರು ಗಟ್ಟಿಗರನ್ನು ಬಾಗಿಲಿಗೆ ಒರಗಿ ನಿಲ್ಲಿಸಿ ಮತ್ತೆ ಒತ್ತಿದೆವು. ಪುಶ್ ಬಾರ್ ಮೊದಲ ಸಲ 5 ಕೆಜಿಗೆ, ಎರಡನೆಯ ಸಲ 13 ಕೆಜಿಗೆ ಬಿಟ್ಟಿತು. ಟಚ್ ಬಾರ್ 6ಕ್ಕೆ ಮತ್ತು 18ಕ್ಕೆ. ಟಚ್ ಬಾರ್‌ನಲ್ಲಿ ಇನ್ನೊಂದು ಕೊರತೆ ಕಂಡಿತು. ಅದರ ಪೂರ್ತಿ ಉದ್ದ ಒತ್ತುವ ಭಾಗವಲ್ಲ; ಕೀಲಿನ ಕಡೆಯದು ಬರಿಯ ಮುಚ್ಚಳ. ಕತ್ತಲಲ್ಲಿ ಅಲ್ಲಿಗೆ ಕೈಯಿಟ್ಟವರಿಗೆ ಬಾಗಿಲು ಜಪ್ಪೆನ್ನುವುದಿಲ್ಲ. ಪುಶ್ ಬಾರ್ ಎಲ್ಲಿ ಒತ್ತಿದರೂ ಬಿಡುತ್ತಿತ್ತು. ಎಪ್ಪತ್ತು ದಾಟಿದ ನಮ್ಮ ತಾಯಿ ಮೊಮ್ಮಗುವನ್ನು ಎತ್ತಿಕೊಂಡು, ಕೈ ಬಳಸದೆ, ಸೊಂಟದಿಂದ ತಳ್ಳಿ ಅದನ್ನು ತೆರೆದದ್ದನ್ನು ಕಂಡಾಗ ನನ್ನ ಮನಸ್ಸು ಅರ್ಧ ನಿರ್ಧರಿಸಿತ್ತು.

ಹಾಗೆಂದು ಪುಶ್ ಬಾರ್ ನಿರ್ದೋಷಿಯಲ್ಲ. ಹೊರಚಾಚಿದ ಕೊಳವೆಗೆ ಡೆಕೋರೇಷನ್‌ನವರು ಹೂಮಾಲೆ ಕಟ್ಟುತ್ತಾರೆ, ಕೈಚೀಲ ನೇತುಹಾಕುವವರೂ ಇದ್ದಾರೆ. ತೋಳಿನ ಮೂಲೆಗೆ ಸೆರಗು ಸಿಕ್ಕಿಕೊಂಡದ್ದನ್ನು ಎರಡು ಸಲ ನೋಡಿದ್ದೇನೆ. ಟಚ್ ಬಾರ್‌ಗೆ ಇಂಥ ತೊಂದರೆಯಿಲ್ಲ, ನೋಟಕ್ಕೂ ಅದೇ ಚೆನ್ನ. ಆದರೆ ಬೆಲೆ ನಮಗೆ ಹೆಚ್ಚುಕಡಿಮೆ ಎರಡರಷ್ಟು ಬಿತ್ತು.

ಎರಡಕ್ಕೂ ಸಮಾನವಾದ ತೊಡಕೊಂದಿದೆ, ಅದನ್ನು ಮಾರುವವರು ಹೇಳಲಿಲ್ಲ. ನಮ್ಮವು ಎರಡೆರಡು ಪಡಿಗಳ ಬಾಗಿಲುಗಳಾದ್ದರಿಂದ ಅಗುಳಿಯ ಸರಳುಗಳು ಮೇಲೆ ಚೌಕಟ್ಟಿಗೂ ಕೆಳಗೆ ನೆಲದ ಕುಳಿಗೂ ಇಳಿಯುತ್ತವೆ. ಧಾರೆಯ ಮರುದಿನ ಆ ಕುಳಿಯಲ್ಲಿ ಅಕ್ಷತೆ, ಹೂವಿನ ಎಸಳು, ಕಸಗುಡಿಸುವಾಗ ಸೇರಿದ ಮಣ್ಣು ಎಲ್ಲವೂ ಗಟ್ಟಿಯಾಗಿ ತುಂಬಿರುತ್ತವೆ. ಸರಳು ಪೂರ್ತಿ ಇಳಿಯದೆ ಬಾಗಿಲು ಅಲುಗಾಡಿದರೆ, ಹೊರಗಿನವರು ಬರುತ್ತಾರೆಂದು ಕಾವಲುಗಾರರು ಮತ್ತೆ ಟವರ್ ಬೋಲ್ಟ್ ಹುಡುಕುತ್ತಾರೆ. ಒಮ್ಮೆ ಹಾಗೆಯೇ ಆಯಿತು: ಒಂದು ನಿಶ್ಚಿತಾರ್ಥದ ದಿನ ಹೊಸ ಸಾಧನದ ಪಕ್ಕದಲ್ಲೇ ಹಳೆಯ ಬೋಲ್ಟ್ ಬಿದ್ದಿತ್ತು. ಅಂದೇ ಸಂಜೆ ಮೂರೂ ಬಾಗಿಲುಗಳಿಂದ ಹಳೆಯ ಬೋಲ್ಟು, ಕೊಂಡಿಗಳನ್ನೆಲ್ಲ ಬಡಗಿಯಿಂದ ಕೀಳಿಸಿದೆ.

ಮ್ಯಾಗ್ನೆಟಿಕ್ ಲಾಕ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ವಿದ್ಯುತ್ ಹೋದರೆ ಅದು ತಾನಾಗಿ ಬಿಡುತ್ತದೆ ಎಂಬುದು ಮಾತು. ಕರೆಂಟು ಹೋದಾಗಲೆಲ್ಲ ಬಾಗಿಲು ತೆರೆದುಕೊಳ್ಳುತ್ತದೆಂದು ಅದನ್ನು ಇನ್ವರ್ಟರ್‌ಗೆ ಜೋಡಿಸಿದ್ದರು. ನಾವು ಮುಖ್ಯ ಸ್ವಿಚ್ ಆರಿಸಿ ಪರೀಕ್ಷಿಸಿದಾಗ ದೀಪಗಳು ಆರಿದವು, ಬಾಗಿಲು ಮಾತ್ರ ಬಿಡಲಿಲ್ಲ. ಕತ್ತಲಲ್ಲಿ ಗೋಡೆಯ ಗುಂಡಿಯನ್ನು ಯಾರೂ ಹುಡುಕಲಿಲ್ಲ, ಎಲ್ಲರೂ ಬಾಗಿಲನ್ನೇ ತಳ್ಳಿದರು. ಬೆಂಕಿಯ ಅಲಾರಂ ಮೊಳಗಿದ ಕೂಡಲೇ ವಿದ್ಯುತ್ ಕಡಿದುಹೋಗುವಂತೆಯೂ ಗುಂಡಿ ನೇರವಾಗಿ ಸರಬರಾಜನ್ನೇ ಮುರಿಯುವಂತೆಯೂ ಜೋಡಣೆಯಿರುವ, ದಿನವೂ ಅದೇ ಜನ ಓಡಾಡುವ ಕಚೇರಿಗೆ ಅದು ಸರಿಹೋದೀತು. ಊರೂರಿನಿಂದ ಬಂದ ನೆಂಟರು ತುಂಬಿರುವ ಮಂಟಪಕ್ಕೆ ನಾನದನ್ನು ಒಪ್ಪಲಾರೆ.

ಮೆಟ್ಟಿಲಿನ ಬಾಗಿಲಿಗೆ ಈಗ ಪುಶ್ ಬಾರನ್ನೇ ಹಾಕಿಸಿದ್ದೇವೆ. ಅದು ಬೆಂಕಿ ತಡೆಯುವ ಬಾಗಿಲಾದ್ದರಿಂದ, ಪಟ್ಟಿಯನ್ನು ಒತ್ತಿದ ಸ್ಥಿತಿಯಲ್ಲೇ ಕೀಲಿಯಿಂದ ನಿಲ್ಲಿಸಿಡುವ ಅನುಕೂಲವಿಲ್ಲದ ಮಾದರಿಯನ್ನೇ ಆರಿಸಬೇಕಾಯಿತು. ಅಗುಳಿ ಬೀಳದ ಬಾಗಿಲು ಬೆಂಕಿಯ ಮುಂದೆ ಮುಚ್ಚಿ ನಿಲ್ಲುವುದಿಲ್ಲ. ಊಟದ ಹಾಲ್‌ನ ಟಚ್ ಬಾರನ್ನು ಹಾಗೆಯೇ ಉಳಿಸಿ, ಅದರ ಒತ್ತುವ ಭಾಗಕ್ಕೆ ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿದ್ದೇವೆ. ಪ್ರತಿ ಮುಹೂರ್ತದ ಹಿಂದಿನ ಸಂಜೆ ಕಾವಲುಗಾರರು ತೆಂಗಿನ ಗರಿಯ ಕಡ್ಡಿಯಿಂದ ನೆಲದ ಕುಳಿಗಳನ್ನು ಕೆದಕಿ, ಮೂರೂ ಬಾಗಿಲನ್ನು ಒಮ್ಮೊಮ್ಮೆ ಸೊಂಟದಿಂದ ತಳ್ಳಿ ತೆರೆದು, ಪುಸ್ತಕದಲ್ಲಿ ಸಹಿ ಹಾಕುತ್ತಾರೆ.